ಇಪ್ಪತ್ತು ಮುಖದ ಮಾಪಕದ ಪರೀಕ್ಷೆ

ಒಂದೇ ಸಂಗತಿಗೆ ಎರಡು ಸಲ ಎರಡು ಬೇರೆ ಅಂಕಿ ತೋರಿಸುವ ಮಾಪಕವು ದೋಷಯುಕ್ತ ಮಾಪಕ ಎಂಬುದು ತೂಕ ಮತ್ತು ಅಳತೆ ಇಲಾಖೆಯ ಮೊದಲನೆಯ ನಿಯಮ. ಹೀಗಿರುವಾಗ, ಬಸ್ ನಿಲ್ದಾಣದ ಹಿಂದಿನ ದರ್ಜಿ ಅಂಗಡಿಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಇಪ್ಪತ್ತು ಮುಖದ ಮಾಪಕವೊಂದನ್ನು ಇಲಾಖೆಯ ಮುದ್ರೆಯಿಲ್ಲದೆ ಬಳಸಲಾಗುತ್ತಿದೆ, ಅದು ಪ್ರತಿ ಸಲವೂ ಬೇರೆ ಅಂಕಿ ತೋರಿಸುತ್ತಿದೆ, ಆದರೂ ಬಳಕೆದಾರರು ನಗುತ್ತಿದ್ದಾರೆ ಎಂಬ ದೂರು ಬಂದ ಮೇಲೆ ಇಲಾಖೆ ಕೈಕಟ್ಟಿ ಕೂರುವಂತಿರಲಿಲ್ಲ.

ತನಿಖೆಗೆ ನೇಮಕವಾದ ನಿರೀಕ್ಷಕಿಯನ್ನು ಇಲಾಖೆಯಲ್ಲಿ ಎಲ್ಲರೂ ಸೀಲಮ್ಮ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷಗಳಿಂದ ಊರಿನ ತಕ್ಕಡಿ, ತೂಕದ ಕಲ್ಲು, ಲೀಟರ್ ಡಬ್ಬಗಳಿಗೆ ಸೀಸದ ಮುದ್ರೆ ಒತ್ತುತ್ತ ಬಂದವಳು. ಕಚೇರಿಯಲ್ಲಿ ಏನು ಮಾಡಬೇಕೆಂದು ನಿಯಮ ಹೇಳುತ್ತಿತ್ತು. ಮನೆಯಲ್ಲಿ ಅತ್ತೆ ಹೇಳುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಸೊಸೆ ಹೇಳುತ್ತಿದ್ದಳು. ನಡುವೆ ಹದಿನೈದು ದಿನ ಹೇಳುವವರೇ ಇಲ್ಲದೆ ಆಕೆಗೆ ಬಹಳ ಕಷ್ಟವಾಗಿತ್ತು.

ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಮೂವರು ಕೂತಿದ್ದರು. ಕಥೆ ಹೇಳುವವನು ದರ್ಜಿ. ಕೇಳುವವರು ಒಬ್ಬ ಬಸ್ ಕಂಡಕ್ಟರ್, ಒಬ್ಬ ಹಲ್ಲಿನ ಡಾಕ್ಟರಮ್ಮ. ಕೇಳುವವರು ಎನ್ನುವುದು ತಪ್ಪು, ಕಥೆಯೊಳಗೆ ಅವರೂ ಇರುತ್ತಿದ್ದರು. ದರ್ಜಿ ಒಂದು ಕಾಡನ್ನೋ ಕೋಟೆಯನ್ನೋ ಬಣ್ಣಿಸುವುದು, ಅಲ್ಲಿ ತಾವೇನು ಮಾಡುತ್ತೇವೆಂದು ಅವರು ಹೇಳುವುದು, ಆ ಕೆಲಸ ಕೈಗೂಡಿತೇ ಇಲ್ಲವೇ ಎಂದು ಇಪ್ಪತ್ತು ಮುಖದ ದಾಳ ಉರುಳಿಸಿ ನೋಡುವುದು. ಹೆಚ್ಚು ಬಿದ್ದರೆ ಕೈಗೂಡಿತು, ಕಡಿಮೆ ಬಿದ್ದರೆ ಕೆಟ್ಟಿತು. ದೂರಿನಲ್ಲಿದ್ದ ಮಾಪಕ ಇದೇ.

ಮಾಪಕವನ್ನು ಅದರ ಸಹಜ ಬಳಕೆಯಲ್ಲಿಯೇ ಪರೀಕ್ಷಿಸತಕ್ಕದ್ದು ಎಂದು ನಿಯಮವಿದ್ದುದರಿಂದ ಸೀಲಮ್ಮನೂ ಆಡಬೇಕಾಯಿತು. ದರ್ಜಿ ಒಂದು ಹಾಳೆಯಲ್ಲಿ ಆಕೆಯ ಪಾತ್ರ ಬರೆದುಕೊಟ್ಟ. ಉದ್ಯೋಗ, ಕಳ್ಳತನ. ಸರ್ಕಾರಿ ನೌಕರರು ಪೂರ್ವಾನುಮತಿಯಿಲ್ಲದೆ ಬೇರೆ ಉದ್ಯೋಗ ಹಿಡಿಯುವಂತಿಲ್ಲ ಎಂದು ಆಕೆ ಆಕ್ಷೇಪಿಸಿದಳು. ಇದಕ್ಕೆ ಸಂಬಳವಿಲ್ಲ ಎಂದು ಡಾಕ್ಟರಮ್ಮ ತಿಳಿಸಿದರು. ಸಂಬಳವಿಲ್ಲದ ಕಳ್ಳತನ ಸಮಾಜಸೇವೆಯ ಅಡಿಯಲ್ಲಿ ಬರುವುದರಿಂದ ಆಕೆ ಒಪ್ಪಿದಳು.

"ಕೋಟೆ ಒಳಗಡೆ ಇದ್ದೀರಿ," ಎಂದ ದರ್ಜಿ. "ಎದುರಿಗೆ ಬೀಗ ಹಾಕಿದ ಬಾಗಿಲು. ಎರಡು ಹೆಜ್ಜೆ ಆಚೆ ಕಾವಲುಗಾರ ತೂಕಡಿಸ್ತಿದಾನೆ. ಈಗ ಏನು ಮಾಡ್ತೀರಿ?"

"ಏನು ಮಾಡೋಕೆ ಅವಕಾಶ ಇದೆ?"

"ಏನು ಬೇಕಾದ್ರೂ."

"ಹಾಗಂದ್ರೆ ಹೇಗೆ? ಒಂದು ಪಟ್ಟಿ ಅಂತ ಇರುತ್ತಲ್ಲ."

"ಪಟ್ಟಿ ಇಲ್ಲ ಅಕ್ಕಾ. ನೀವು ಯೋಚ್ನೆ ಮಾಡಿ ಹೇಳಿ. ನಾವು ಕಾಯ್ತೀವಿ."

ಅವರು ನಿಜವಾಗಿಯೂ ಕಾದರು. ಮೂರು ಜನ ದೊಡ್ಡವರು, ಮೈಮೇಲೆ ಕೆಲಸವಿರುವವರು, ಸೀಲಮ್ಮ ಏನು ಹೇಳುತ್ತಾಳೋ ಎಂದು ಆಕೆಯ ಮುಖವನ್ನೇ ನೋಡುತ್ತ ಕೂತರು. ಆಕೆಗೆ ಹಿಂದೆಂದೂ ಹೀಗಾಗಿರಲಿಲ್ಲ.

"ಬೀಗದ ಮೇಲಿರೋ ಮುದ್ರೆ ಒಡೀತೀನಿ," ಎಂದಳು, ಮೆಲ್ಲಗೆ.

ದರ್ಜಿ ಮುದ್ರೆಯ ಮಾತೇ ಎತ್ತಿರಲಿಲ್ಲ. ಆದರೆ ಆಕೆ ಹೇಳಿದೊಡನೆ ಬೀಗಕ್ಕೆ ಮುದ್ರೆ ಇದ್ದದ್ದು ಹೌದೆಂದು ಒಪ್ಪಿಕೊಂಡ. ದಾಳ ಉರುಳಿ ಹತ್ತೊಂಬತ್ತು ಬಿತ್ತು. ಕಂಡಕ್ಟರ್ ಮೇಜು ಗುದ್ದಿದ. ಸೀಲಮ್ಮ ಪುಸ್ತಕದಲ್ಲಿ ಅಂಕಿ ಮತ್ತು ವೇಳೆ ಗುರುತು ಹಾಕಿಕೊಂಡಳು, ಅಕ್ಷರ ಸೊಟ್ಟಗೆ ಬಂತು. ಒಳಗೆ ಕಾಲಿಡುವಾಗ ಎರಡು ಬಿದ್ದು ಕಾವಲುಗಾರ ಎಚ್ಚರಗೊಂಡ. ಅಷ್ಟರಲ್ಲಿ ಡಾಕ್ಟರಮ್ಮನಿಗೆ ಕ್ಲಿನಿಕ್ಕಿನ ಹೊತ್ತಾಯಿತೆಂದು ಆಟ ನಿಂತಿತು. ತನ್ನ ಪಾತ್ರವಾದ ಕಳ್ಳಿ ಪಂಜಿನ ಬೆಳಕಿನಲ್ಲಿ ಸಿಕ್ಕಿಬಿದ್ದು ನಿಂತಿರುವಾಗ ಸೀಲಮ್ಮ ಮನೆಗೆ ಹೋಗಬೇಕಾಯಿತು. ವಾರವಿಡೀ ಆಕೆಗೆ ಅದೇ ಚಿಂತೆ, ತಿಂದ ಅನ್ನ ಮೈಗೆ ಹತ್ತಲಿಲ್ಲ.

ತನಿಖಾ ನಮೂನೆಯಲ್ಲಿ 'ಬಳಕೆದಾರರು ಆನಂದಿಸಲು ಕಾರಣ, ಒಂದು ಮಾತ್ರ' ಎಂಬ ಅಂಕಣವಿತ್ತು. ಸೀಲಮ್ಮ ಒಬ್ಬೊಬ್ಬರ ಹೇಳಿಕೆ ಪಡೆದಳು. ತಾನು ಮಾತಾಡಿಸಿದವರೆಲ್ಲ ಬಾಯಿ ತೆರೆದುಕೊಂಡಿರುತ್ತಾರೆಯೇ ಹೊರತು ಉತ್ತರ ಕೊಡುವುದಿಲ್ಲ, ಇಲ್ಲಿ ಕೊಡುತ್ತಾರೆ ಎಂದರು ಡಾಕ್ಟರಮ್ಮ. ದಿನವಿಡೀ ಮುಂದೆ ಹೋಗಿ ಮುಂದೆ ಹೋಗಿ ಎಂದು ಜನರನ್ನು ದಬ್ಬುವವನು, ಇಲ್ಲಿ ತಾನೇ ಮುಂದೆ ಹೋಗುತ್ತೇನೆ ಎಂದ ಕಂಡಕ್ಟರ್. ದರ್ಜಿಯದು ವಿಚಿತ್ರವಾದ ಹೇಳಿಕೆ. ಅವನು ಹದಿನೈದು ದಿನ ಕೂತು ಕಥೆಗೆಂದು ಒಬ್ಬ ಘೋರ ರಾಕ್ಷಸನನ್ನು ಸೃಷ್ಟಿಸಿದ್ದ. ಕಂಡಕ್ಟರ್ ಕತ್ತಿ ಎತ್ತುವ ಬದಲು ರಾಕ್ಷಸನ ತಾಯಿ ಹೇಗಿದ್ದಾಳೆಂದು ವಿಚಾರಿಸಿದ. ರಾಕ್ಷಸ ಅತ್ತುಬಿಟ್ಟ, ಈಗ ಇವರ ಗಂಟುಮೂಟೆ ಹೊರುತ್ತಿದ್ದಾನೆ. ತಾನು ಹೊಲಿದ ಅಂಗಿಯ ಅಳತೆ ಚೂರು ತಪ್ಪಿದರೂ ಜಗಳಕ್ಕೆ ಬರುತ್ತಾರೆ, ಇಲ್ಲಿ ತಾನು ಹೊಲಿದದ್ದನ್ನು ಇವರು ಹರಿದಷ್ಟೂ ಚೆನ್ನಾಗಿರುತ್ತದೆ ಎಂದ. ಮೂರು ಕಾರಣಗಳಾದವು, ತನ್ನದೂ ಸೇರಿ ನಾಲ್ಕು. ಅಂಕಣದಲ್ಲಿ ಸೀಲಮ್ಮ 'ಪರಿಶೀಲನೆಯಲ್ಲಿದೆ' ಎಂದು ಬರೆದಳು.

ಇಲಾಖೆಯ ನಿಯಂತ್ರಕರು ವರದಿ ಓದಿ ದಾಳವನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಮೂವರು ಸಿಬ್ಬಂದಿ ಸಾವಿರ ಸಲ ಉರುಳಿಸಿ, ಇದಕ್ಕೆ ಸ್ಥಿರಬುದ್ಧಿ ಇಲ್ಲವೆಂದು ದೃಢೀಕರಿಸಿದರು. ಸರಾಸರಿ ಹತ್ತೂವರೆ ಬಂತು. ದಾಳದ ಮೇಲೆ ಅರ್ಧ ಎಂಬುದಿಲ್ಲವಾದ್ದರಿಂದ ಸಾರ್ವಜನಿಕರ ಹಿತದೃಷ್ಟಿಯಿಂದ ಹನ್ನೊಂದು ಎಂದು ನಿಗದಿಪಡಿಸಿ, ಒಳಗೆ ಸೀಸ ತುಂಬಿ, ಮುದ್ರೆ ಒತ್ತಿ, ಪ್ರಮಾಣಪತ್ರದೊಂದಿಗೆ ಹಿಂದಿರುಗಿಸಲಾಯಿತು. ಈಗ ಅದು ಹೇಗೆ ಎಸೆದರೂ ಹನ್ನೊಂದೇ.

ಆ ಶನಿವಾರ ಸೀಲಮ್ಮನ ಕಳ್ಳಿ ಓಡಿದಳು, ಹನ್ನೊಂದು. ಕಾವಲುಗಾರ ಅಟ್ಟಿಸಿಕೊಂಡು ಬಂದ, ಹನ್ನೊಂದು. ಎರಡು ತಾಸು ಇಬ್ಬರೂ ಅದೇ ಎರಡು ಹೆಜ್ಜೆಯ ಅಂತರದಲ್ಲಿ ಕೋಟೆ ಸುತ್ತಿದರು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಆಡಳಿತದ ದೃಷ್ಟಿಯಿಂದ ಇದು ಅತ್ಯುತ್ತಮ ಫಲಿತಾಂಶ. ಕಂಡಕ್ಟರ್ ಆಕಳಿಸಿದ. ಡಾಕ್ಟರಮ್ಮ ಮೂರು ಸಲ ಗಡಿಯಾರ ನೋಡಿದರು.

"ಮುಂದೇನಾಗುತ್ತೆ ಅಂತ ನಂಗೇ ಗೊತ್ತಿದ್ರೆ ನಾನ್ಯಾಕೆ ಕಥೆ ಹೇಳ್ಲಿ ಅಕ್ಕಾ," ಎಂದ ದರ್ಜಿ. "ಆಟಾನ ಈ ವಾರಕ್ಕೇ ಮುಗಿಸಿಬಿಡೋಣ."

ಇಪ್ಪತ್ತೆಂಟು ವರ್ಷದ ನಂತರ ಯಾರೋ ಸೀಲಮ್ಮನನ್ನು ಏನು ಮಾಡುತ್ತೀರಿ ಎಂದು ಕೇಳಿದ್ದರು, ಇನ್ನು ಕೇಳುವವರಿಲ್ಲ. ಸೋಮವಾರ ಬೆಳಿಗ್ಗೆ ಆಕೆ ಕಚೇರಿಯ ಬೀರು ತೆಗೆದು, ಧೂಳಿಗೆ ಸೀನುತ್ತ, ನಿಯಮಾವಳಿಯನ್ನು ಪುಟಪುಟವಾಗಿ ಓದಿದಳು. ನಲವತ್ತೊಂದನೆಯ ನಿಯಮ ಸಿಕ್ಕಿತು. ಪರೀಕ್ಷೆಯಲ್ಲಿರುವ ಮಾಪಕಕ್ಕೆ ಮುದ್ರೆ ಅಗತ್ಯವಿಲ್ಲ. ಸತತ ನೂರು ಸಲ ಒಂದೇ ಅಂಕಿ ಬರುವ ತನಕ ಪರೀಕ್ಷೆಯನ್ನು ನಿಲ್ಲಿಸತಕ್ಕದ್ದಲ್ಲ. ಪರೀಕ್ಷೆ ಮುಗಿಯುವ ಮುನ್ನವೇ ದಾಳವನ್ನು ಸರಿಪಡಿಸಿದ್ದು ನಿಯಮಬಾಹಿರವೆಂದು ಆಕೆ ಟಿಪ್ಪಣಿ ಮಂಡಿಸಿದಳು. ತನ್ನ ಇಲಾಖೆಯನ್ನೇ ತಾನು ಹಿಡಿದುಹಾಕಿದ್ದು ಆಕೆಗೆ ಕಳ್ಳತನದಷ್ಟೇ ಖುಷಿ ಕೊಟ್ಟಿತು.

ಹೀಗೆ ದರ್ಜಿ ಅಂಗಡಿ ಇಲಾಖೆಯ ಉಪ ಪ್ರಯೋಗಾಲಯವಾಯಿತು. ಕಂಡಕ್ಟರನ ಚೀಲದಿಂದ ಹೊಸ ದಾಳ ಬಂತು. ಆಟಗಾರರು ಪರೀಕ್ಷಾ ಸಹಾಯಕರಾದರು. ಕಥೆಯಲ್ಲಿ ಯಾರಾದರೂ ಸತ್ತರೆ ಮೂರು ಪ್ರತಿಗಳಲ್ಲಿ ಮಾಹಿತಿ ನೀಡಬೇಕು, ಸತ್ತವರು ಮಂತ್ರದಿಂದ ಎದ್ದರೆ ತಿದ್ದುಪಡಿ ಪತ್ರ ಲಗತ್ತಿಸಬೇಕು ಎಂದಷ್ಟೇ ಷರತ್ತು. ಗಂಟುಮೂಟೆ ಹೊರುತ್ತಿದ್ದ ರಾಕ್ಷಸನನ್ನು ದಿನಗೂಲಿ ಎಂದು ನಮೂದಿಸಲಾಯಿತು. ಹದಿನೇಳು ಬಿದ್ದು ಸೀಲಮ್ಮನ ಕಳ್ಳಿ ಗೋಡೆ ಹಾರಿ ತಪ್ಪಿಸಿಕೊಂಡಳು. ಆ ದಿನ ಆಕೆ ಮನೆಗೆ ಹೋಗಿ ಸೊಸೆ ಹೇಳುವ ಮೊದಲೇ ಅಡುಗೆ ಏನೆಂದು ತಾನೇ ತೀರ್ಮಾನಿಸಿದಳು. ಮನೆಯವರು ಗಾಬರಿಯಾದರು.

ಎರಡು ವರ್ಷವಾದರೂ ಪರೀಕ್ಷೆ ಮುಗಿಯದ್ದರಿಂದ ನಿಯಂತ್ರಕರು ಅದನ್ನು ಮುಕ್ತಾಯಗೊಳಿಸುವ ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಖುದ್ದಾಗಿ ಬಂದರು. ಸೀಲಮ್ಮ ಎದ್ದು ನಿಂತಳು. ಸಹಜ ಬಳಕೆಯಲ್ಲಿ ಪರೀಕ್ಷಿಸದೆ ಮುಕ್ತಾಯಕ್ಕೆ ಸಹಿ ಹಾಕುವಂತಿಲ್ಲವೆಂದು ವಿನಯದಿಂದ ನೆನಪಿಸಿ, ತನ್ನ ಕುರ್ಚಿಯನ್ನೇ ಕೊಟ್ಟಳು. ಅವರಿಗೂ ಒಂದು ಪಾತ್ರ ಸಿಕ್ಕಿತು.

"ನದಿ ದಡದಲ್ಲಿ ಇದ್ದೀರಿ ಸಾರ್," ಎಂದ ದರ್ಜಿ. "ಹಿಂದೆ ಶತ್ರು ಸೈನ್ಯ. ಮುಂದೆ ಒಂದು ಹಳೇ ದೋಣಿ. ಏನು ಮಾಡ್ತೀರಿ?"

"ಮೇಲಧಿಕಾರಿಗಳಿಗೆ ಬರೀತೀನಿ."

"ನಿಮ್ಮ ಮೇಲೆ ಯಾರೂ ಇಲ್ಲ ಸಾರ್."

"ಹಾಗಾದ್ರೆ ಕೆಳಗಿನೋರಿಂದ ವರದಿ ತರಿಸ್ಕೋತೀನಿ."

"ಕೆಳಗೂ ಯಾರಿಲ್ಲ. ನೀವೊಬ್ರೇ."

ನಿಯಂತ್ರಕರು ಬಹಳ ಹೊತ್ತು ಮೇಜಿನ ಮೇಲಿದ್ದ ಸೀಮೆಸುಣ್ಣದ ಗೆರೆಗಳನ್ನು ನೋಡಿದರು. ಯಾರೂ ಅವಸರ ಮಾಡಲಿಲ್ಲ.

"ದೋಣಿ ಹತ್ತುತ್ತೀನಿ," ಎಂದರು ಕೊನೆಗೆ. "ಹುಟ್ಟು ನಾನೇ ಹಾಕ್ತೀನಿ."

ಮೂರು ಬಿತ್ತು. ದೋಣಿ ಮಗುಚಿತು. ಈಜು ಬರುತ್ತದೆಯೇ ಎಂದು ದರ್ಜಿ ಕೇಳಿದ. ತಮಗೆ ಗೊತ್ತಿಲ್ಲ, ನೋಡಬೇಕು ಎಂದು ನಿಯಂತ್ರಕರು ಹೇಳಿ ನಕ್ಕುಬಿಟ್ಟರು. ಅವರ ಹಲ್ಲನ್ನು ಇಲಾಖೆಯಲ್ಲಿ ಯಾರೂ ಕಂಡಿರಲಿಲ್ಲ. ಎರಡಕ್ಕೆ ಸಿಮೆಂಟ್ ತುಂಬಿಸಬೇಕೆಂದು ಡಾಕ್ಟರಮ್ಮ ಗಮನಿಸಿದರು. ಅಷ್ಟರಲ್ಲಿ ಕ್ಲಿನಿಕ್ಕಿನ ಹೊತ್ತಾಯಿತು.

ಸೋಮವಾರ ಆದೇಶ ಹೊರಬಿತ್ತು. ನಿಯಂತ್ರಕರು ಸದರಿ ದಿನಾಂಕದಿಂದ ನೀರಿನಲ್ಲಿರುವುದರಿಂದ ಪರೀಕ್ಷಾವಧಿಯನ್ನು ಮುಂದಿನ ಆದೇಶದವರೆಗೆ ವಿಸ್ತರಿಸಲಾಗಿದೆ. ಅದರ ಒಂದು ಪ್ರತಿ ರಾಜಧಾನಿಗೂ ಹೋಯಿತು. ಅಲ್ಲಿ ಅದನ್ನು ಓದಿದ ಕಾರ್ಯದರ್ಶಿಗಳು ವಿವರಣೆ ಕೇಳಲಿಲ್ಲ. ಕಡತಕ್ಕೆ ಸೇರಿಸಿ, ನಿಯಂತ್ರಕರು ದಡ ಸೇರಿದ ಕೂಡಲೇ ತಿಳಿಸತಕ್ಕದ್ದು, ಸಾಧ್ಯವಾದರೆ ಶನಿವಾರವೇ ಫೋನ್ ಮಾಡತಕ್ಕದ್ದು ಎಂದು ಬರೆದರು.