ಫ್ಯಾನಿಗೆ ಸುತ್ತಿದ ರೇಷ್ಮೆ

ಯಂತ್ರದೊಳಗೆ ಏನಾದರೂ ಪುಟ್ಟದಾಗಿ ತಿರುಗುತ್ತಿದ್ದರೆ ನನ್ನ ಕಣ್ಣು ಅಲ್ಲೇ ಅಂಟಿಕೊಂಡುಬಿಡುತ್ತದೆ. ಬಿಡದಿ ಕಡೆ ಕಾರ್ಖಾನೆಗಳು ಒಂದೊಂದಾಗಿ ಎದ್ದ ಕಾಲದಲ್ಲಿ ನಾನೂ ಒಂದರ ಸ್ಟೋರ್ ರೂಮಿನ ಕೆಲಸಕ್ಕೆ ಸೇರಿದ್ದೆ. ಬಿಡಿಭಾಗಗಳನ್ನು ಎತ್ತಿಡುವ ಬದಲು ತಿರುಗಿಸಿ ನೋಡುತ್ತಾ ಕೂತು ಮೇಲಿನವರಿಂದ ಬೈಸಿಕೊಳ್ಳುತ್ತಿದ್ದೆ. ಹೀಗಾಗಿ ಚನ್ನಪಟ್ಟಣದಲ್ಲಿ ಮದುವೆ ವಿಡಿಯೋ ತೆಗೆಯುವ ಗೆಳೆಯ ಪುಟ್ಟಸ್ವಾಮಿ ತನ್ನ ಹೊಸ ಬ್ಯಾಟರಿ ಲೈಟನ್ನು ತೋರಿಸಿದಾಗ ನಾನು ನೋಡಿದ್ದು ಬೆಳಕನ್ನಲ್ಲ, ಅದರ ಬೆನ್ನಲ್ಲಿ ಗುಂಯ್‌ಗುಡುತ್ತಿದ್ದ ಬಿಸ್ಕತ್ತಿನಗಲದ ಫ್ಯಾನನ್ನು.

"ಬೆಳಕಿಗೂ ಸೆಕೆ ಆಯ್ತದೇನ್ಲಾ?" ಎಂದೆ.

"ಆಗ್ದೆ ಏನು? ಫ್ಯಾನ್ ನಿಂತ್ರೆ ಕಾದ್ಬುಟ್ಟು ಲೈಟೇ ಆರೋಯ್ತದೆ ಕಣ್ಲಾ. ಈ ವಾರ ಮದ್ವೆ ಇಲ್ಲ, ತಕ್ಕೊಂಡೋಗು" ಎಂದ.

ತಂದದ್ದು ಒಳ್ಳೆಯದೇ ಆಯಿತು. ಅಕ್ಕೂರಿನ ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ಹಣ್ಣಾಗುವ ಸಮಯ. ಹಣ್ಣಾದ ಹುಳುವಿನ ಮೈ ತಿಳಿಯಾಗಿ ಹೊಳೆಯುತ್ತದೆ. ಅಂಥವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು ಬೆಳೆಯೇ ಹಾಳು. ಆ ಮುಸ್ಸಂಜೆ ಹುಳುಗಳೆಲ್ಲ ಒಟ್ಟಿಗೇ ಹಣ್ಣಾದವು, ಕರೆಂಟೂ ಆಗಲೇ ಹೋಯಿತು. ಸೀಮೆಎಣ್ಣೆ ಹೊಗೆ ಹುಳುಗಳಿಗೆ ಆಗದು. ನಾನು ಗತ್ತಿನಿಂದ ಲೈಟು ಹಚ್ಚಿ ಹುಳು ಸಾಕುವ ಬಿದಿರು ತಟ್ಟೆಯ ಅಂಚಿಗಿಟ್ಟೆ. ನನ್ನ ಹೆಂಡತಿ ಭಾಗ್ಯ, ಅವ್ವ ಇಬ್ಬರೂ ಸರಸರನೆ ಹುಳು ಆರಿಸತೊಡಗಿದರು. ನಾನು ಫ್ಯಾನಿನ ಹಾಡು ಕೇಳುತ್ತಾ ನಿಂತೆ.

ಹಾಡು ಕೀರಲಾಯಿತು, ಆಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಲೈಟೂ ಆರಿತು.

"ಅಯ್ಯೋ, ಅರ್ಧ ಹುಳ ಇನ್ನೂ ತಟ್ಟೇಲೇ ಅವೆ!" ಎಂದು ಕತ್ತಲಲ್ಲಿ ಭಾಗ್ಯ ಕೂಗಿದಳು.

ತಣ್ಣಗಾದ ಮೇಲೆ ಲೈಟು ಮತ್ತೆ ಹತ್ತಿಕೊಂಡಿತು. ಫ್ಯಾನಿನ ಜಾಲರಿಗೆ ಕಣ್ಣಿಟ್ಟು ನೋಡಿದೆ. ಹಣ್ಣಾದ ಹುಳುವೊಂದು ಲೈಟಿನ ಬೆನ್ನೇರಿ ಮೂಲೆ ಹುಡುಕುತ್ತಾ ನೂಲು ಬಿಟ್ಟಿತ್ತು. ಫ್ಯಾನು ಆ ನೂಲನ್ನು ಒಳಗೆಳೆದುಕೊಂಡು ಮೈತುಂಬಾ ಸುತ್ತಿಕೊಂಡಿತ್ತು! ನನಗೆ ಖುಷಿಯೋ ಖುಷಿ. "ಭಾಗ್ಯಾ, ಇಲ್ನೋಡು, ಫ್ಯಾನೇ ನೂಲು ತೆಗೀತಾ ಐತೆ!"

"ನೋಡಾಕೆ ಪುರುಸೊತ್ತೈತಾ ನಂಗೆ? ಬೆಳಕು ಬೇಕು, ಬೆಳಕು!"

ಆ ನೂಲು ಸೂಜಿಗೂ ಬಗ್ಗಲಿಲ್ಲ. ಫ್ಯಾನು ತಿರುಗದಿದ್ದರೆ ಲೈಟಿಗೆ ಸೆಕೆಯಾಗಿ ಮತ್ತೆ ಆರುತ್ತದೆ ಎಂದೆ. ಕೊನೆಗೆ ಅವ್ವ ತೆಂಗಿನ ಗರಿಯ ಬೀಸಣಿಗೆ ತಂದು ನನ್ನ ಕೈಗಿಟ್ಟಳು. "ಅದ್ಕೆ ಸೆಕೆ ಅಂದ್ಯಲ್ಲ, ಬೀಸ್ಲಾ." ಬೀಸಿದೆ. ಹಬ್ಬಕ್ಕೆ ಬಂದ ಹೊಸ ಅಳಿಯನಿಗೆ ಬೀಸುವ ಹಾಗೆ, ಭುಜ ಬಿದ್ದುಹೋಗುವಷ್ಟು ಬೀಸಿದೆ. ಲೈಟು ಮತ್ತೆ ಆರಲಿಲ್ಲ. ಕಸಕ್ಕೆ ಸುತ್ತಿಕೊಂಡ ಒಂದಷ್ಟು ಹುಳು ಬಿಟ್ಟರೆ ಮಿಕ್ಕವೆಲ್ಲ ಚಂದ್ರಿಕೆ ಸೇರಿದವು. ರಾಮನಗರದ ಮಾರ್ಕೆಟ್ಟಿನಲ್ಲಿ ನಮ್ಮ ಗೂಡನ್ನು ಯಾರೂ ಹಳಿಯಲಿಲ್ಲ. ಪುಟ್ಟಸ್ವಾಮಿ ಮಾತ್ರ ಫ್ಯಾನು ಬಿಚ್ಚಿ ನೂಲು ಕೀಳುತ್ತಾ, "ನಿನ್ ಕೈಗೆ ಕ್ಯಾಮೆರಾ ಕೊಡ್ಲಿಲ್ವಲ್ಲ, ಪುಣ್ಯ" ಎಂದ.

ಆಮೇಲೆ ನನಗೊಂದು ಚಟ ಹತ್ತಿತು. ಗುಂಯ್‌ಗುಡುವ ಯಾವ ಪೆಟ್ಟಿಗೆ ಕಂಡರೂ ಕಿವಿಯಿಟ್ಟು, ಒಳಗಿನ ಫ್ಯಾನು ಸುಖವಾಗಿದೆಯೇ ಎಂದು ವಿಚಾರಿಸುವುದು. ಮೊನ್ನೆ ಟಿವಿಯ ಸ್ಟೆಬಿಲೈಜರಿಗೆ ಕೆನ್ನೆ ಆನಿಸಿ ಕೂತಿದ್ದಾಗ ಭಾಗ್ಯ ಬಾಗಿಲಲ್ಲಿ ನಿಂತು ಹೇಳಿದಳಂತೆ: "ಬೆಳಗ್ಗಿಂದ ತಲೆ ನೋಯ್ತಾ ಐತೆ ಅಂತಾ ಇವ್ನಿ. ನನ್ ಮಾತ್ಗೂ ಹಿಂಗೇ ಒಸಿ ಕಿವಿ ಕೊಡಬಾರ್ದಾ?"

'ಹೇಳಿದಳಂತೆ' ಎನ್ನುವುದೇಕೆಂದರೆ, ಇದನ್ನು ಆಮೇಲೆ ನನಗೆ ತಿಳಿಸಿದವಳು ಅವ್ವ. ಆ ಗಳಿಗೆಯಲ್ಲಿ ನಾನು, ಸದ್ದು ಮಾಡಬೇಡವೆಂದು ಭಾಗ್ಯಳಿಗೆ ಕೈಸನ್ನೆ ಮಾಡಿದ್ದೆ.