‘ಳೆ’ಗೂ ‘ಳಿ’ಗೂ ನಡುವಿನ ದೆವ್ವ

ನಾನು ಚಿತ್ರಗಾರ್ತಿಯಲ್ಲ, ರಂಗೋಲಿ ಹಾಕುವವಳು. ಬೈಲಹೊಂಗಲದ ನಮ್ಮ ಓಣಿಯಲ್ಲಿ ನಾನು ಸೋಮವಾರ ಹಾಕುವ ರಂಗೋಲಿಯನ್ನು ಕಂಡರೆ ಎಮ್ಮೆಗಳು ಕೂಡ ಬದಿಗೆ ಸರಿದು ಹೋಗುತ್ತವೆ ಎಂದು ನಮ್ಮನೆಯವರು ಹೇಳುತ್ತಾರೆ. ಅದು ಹೊಗಳಿಕೆಯೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ. ದೇವರು ಇಷ್ಟಾದರೂ ಕೈಗುಣ ಕೊಟ್ಟನಲ್ಲ ಎಂದು ದಿನಾ ಒಂದು ನಮಸ್ಕಾರ ಹಾಕಿ ಚುಕ್ಕಿ ಇಡುತ್ತೇನೆ.

ಹಾಗಾಗಿ ಆ ಗುರುವಾರ ನಮ್ಮನೆಯವರ ಶಾಲೆಯ ಗೆಳೆಯರೊಬ್ಬರು ಬಂದು ಚಿತ್ರ ಬೇಕು ಎಂದಾಗ ನನಗೆ ಅಂಜಿಕೆಯೇ ಆಗಲಿಲ್ಲ. ಮೊದಲ ತಪ್ಪು ಅದೇ!

ಅವರದು ಊರಿನಲ್ಲೊಂದು ವಾರಪತ್ರಿಕೆ. ನಾಲ್ಕು ಪುಟ. ಸಂಪಾದಕರು, ಬರೆಯುವವರು, ಅಂಗಡಿ ಅಂಗಡಿಗೆ ಹಂಚುವವರು, ಎಲ್ಲ ಅವರೇ.

“ವೈನಿ, ಸಂಪಾದಕೀಯಕ್ಕ ಒಂದು ಚಿತ್ರ ಬೇಕಾಗೇತ್ರಿ,” ಎಂದರು.

“ನಿಮ್ಮ ಚಿತ್ರ ನಾ ಯಾಕ ತಗೀಲಿ? ಚಲೋ ಫೋಟೋ ಇಲ್ಲೇನ್ರಿ?”

“ಸಂಪಾದಕರದಲ್ಲರಿ, ಸಂಪಾದಕೀಯದ್ದು! ನಾ ಬರದ ಮಾತಿಗೆ ಒಪ್ಪೂ ಚಿತ್ರ.” ಅವರು ಕಟ್ಟೆಯ ಮೇಲೆ ಕುಂತು ವಿವರಿಸಿದರು. “ಯಾವ ಕಚೇರಿಗೆ ಹೋದ್ರೂ ‘ನಾಳೆ ಬಾ’ ಅಂತಾರಲ್ರಿ? ಅದರ ಮ್ಯಾಲ ಬರದೀನಿ. ಹಿಂದಕ ಒಂದು ದೆವ್ವ ಬಂದಿತ್ತು ನೆನಪೈತೇನು? ಆ ದೆವ್ವ ಅರ್ಜಿ ಹಿಡಕೊಂಡು ಕಚೇರಿ ಮುಂದ ನಿಂತೈತಿ. ಬಾಗಿಲ ಮ್ಯಾಲ ‘ನಾಳೆ ಬಾ’ ಅಂತ ಬರದೈತಿ. ಪಾಪ, ದೆವ್ವಕ್ಕೂ ಅಡ್ಡಾಡಿ ಸಾಕಾಗೇತಿ! ಹೆಂಗೈತಿ?”

ನೆನಪಿಲ್ಲದೆ ಏನು? ಆ ದೆವ್ವದ ಕಾಲದಲ್ಲಿ ನಾನು ತವರೂರು ಸಂಪಗಾಂವದಲ್ಲಿ ನಾಲ್ಕನೆಯ ಇಯತ್ತೆ. ಹೆಣ್ಣು ದೆವ್ವವೊಂದು ಊರೂರು ತಿರುಗುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದವರು ಸತ್ತರು ಎಂದು ಸುದ್ದಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹೋಗುತ್ತದಂತೆ. ಮರುದಿನ ಬಂದರೆ ಮತ್ತೆ ಅದೇ ಅಕ್ಷರ, ಮತ್ತೆ ಹೋಗುತ್ತದಂತೆ. ಅಷ್ಟು ಮಾತು ಕೇಳುವ ದೆವ್ವ! ಮನುಷ್ಯರಲ್ಲಿ ಅಂಥವರನ್ನು ನಾನು ಈವರೆಗೆ ಕಂಡಿಲ್ಲ.

ನಮ್ಮ ಓಣಿಯಲ್ಲಿ ಅಕ್ಷರ ದುಂಡಗಿದ್ದದ್ದು ಇಬ್ಬರದು. ನನ್ನದು, ನಮ್ಮ ಅಕ್ಕ ಶಿವಕ್ಕನದು. ಹೊತ್ತು ಮುಳುಗುವುದರೊಳಗೆ ನಾವಿಬ್ಬರೂ ಖಡು, ಎಂದರೆ ಸೀಮೆಸುಣ್ಣ, ಹಿಡಿದು ಮನೆ ಮನೆ ಬಾಗಿಲಿಗೆ ಬರೆಯಬೇಕು. ಒಂದೊಂದು ಮನೆಯಲ್ಲಿ ಒಂದೊಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ. ನಾನು ಆಡುವ ಹಾಗೆ ‘ನಾಳಿ ಬಾ’ ಎಂದು ಬರೆದೆ. ಏಳನೆಯ ಇಯತ್ತೆಯ ಅಕ್ಕ ಹೌಹಾರಿದಳು.

“ಏ ದಡ್ಡಿ! ಪುಸ್ತಕದಾಗ ‘ನಾಳೆ’ ಅಂತೈತಿ.”

“ನಾವು ನಾಳಿ ಅಂತೇವಲ್ಲ?”

“ದೆವ್ವ ಬೆಂಗಳೂರು ಕಡಿಂದ ಬಂದೈತಿ. ಅದಕ್ಕ ನಿನ್ನ ‘ನಾಳಿ’ ತಿಳೀದಿದ್ರ ಸೀದಾ ಒಳಗ ಬರತೈತಿ!”

“ಅದಕ್ಕ ನಮ್ಮವ್ವನ ದನಿ ಬರತೈತಂತ. ದನಿ ಬಂದದ್ದಕ್ಕ ನಮ್ಮವ್ವನ ಮಾತು ಬರಂಗಿಲ್ಲೇನು?”

ಈ ವ್ಯಾಕರಣದ ಜಗಳದಲ್ಲಿ ಜಡೆ ಜಗ್ಗಾಟವಾಯಿತು. ಕೊನೆಗೆ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ನ್ಯಾಯ ಮಾಡಿದಳು. ನಮ್ಮ ಬಾಗಿಲಿಗೆ ಎರಡು ಪಡಕು. ಎಡದ ಪಡಕಿನ ಮೇಲೆ ಅಕ್ಕನ ‘ನಾಳೆ’, ಬಲದ ಪಡಕಿನ ಮೇಲೆ ನನ್ನ ‘ನಾಳಿ’. “ಶಾಣ್ಯಾ ದೆವ್ವ ಬಂದ್ರ ಅದನ್ನ ಓದಲಿ, ನಮ್ಮಂಥಾದು ಬಂದ್ರ ಇದನ್ನ ಓದಲಿ,” ಎಂದಳು. ಆಮೇಲೆ ಒಳಗೆ ಹೋಗಿ ಒಂದು ಜೋಳದ ರೊಟ್ಟಿ, ಒಂದು ತಂಬಿಗೆ ನೀರು ತಂದು ಹೊಸ್ತಿಲ ಹೊರಗೆ ಇಟ್ಟಳು.

“ಇದ್ಯಾಕ ಆಯಿ?”

“ಬಾಗಿಲಿಗೆ ಬಂದವರನ್ನ ಬರೇ ಮಾತು ಹೇಳಿ ಕಳಸಬಾರದವಾ. ನಾಳಿ ಬಾ ಅಂದ್ರ ಇವತ್ತ ಏನ ತಿನ್ನಬೇಕು ಅದು?”

ಬೆಳಿಗ್ಗೆ ರೊಟ್ಟಿ ಇರಲಿಲ್ಲ. “ಉಂಡು ಹೋಗೇತಿ ನೋಡ್ರಿ,” ಎಂದು ಆಯಿ ಕೈ ಮುಗಿದು, ದಿನಾ ಸಂಜೆ ಒಂದು ರೊಟ್ಟಿ ಇಡತೊಡಗಿದಳು. ಆ ದೆವ್ವದ ಸುದ್ದಿ ಅಡಗುವ ಹೊತ್ತಿಗೆ ನಮ್ಮ ಓಣಿಯ ಕರಿ ನಾಯಿ ದುಂಡಗಾಗಿತ್ತು.

ಇಷ್ಟೆಲ್ಲ ನೆನಪಿದ್ದವಳಿಗೆ ಚಿತ್ರ ತೆಗೆಯುವುದು ಏನು ಕಷ್ಟ ಎಂದು ಒಪ್ಪಿಕೊಂಡೆ.

ಶನಿವಾರ ಕಾಗದದ ಮೂಲೆಯಲ್ಲಿ ‘ಓಂ ನಮಃ ಶಿವಾಯ’ ಬರೆದು ಶುರು ಮಾಡಿದೆ. ದೆವ್ವದ ಮುಖ ಬಂತು. ಆದರೆ ಹಣೆ ಬರಿದು! ಹೆಣ್ಣಿನ ಹಣೆಯನ್ನು ಬರಿದಾಗಿ ಬಿಡಲು ನನ್ನ ಕೈ ಒಪ್ಪಲಿಲ್ಲ. ಒಂದು ಕುಂಕುಮ ಇಟ್ಟೆ. ಕುಂಕುಮ ಇಟ್ಟ ಮೇಲೆ ಬರಿಗೈ ಚಂದ ಕಾಣಲಿಲ್ಲ, ಹಸಿರು ಬಳೆ ತೊಡಿಸಿದೆ. ಕೂದಲು ಬಿಟ್ಟುಕೊಂಡು ನಿಲ್ಲುವುದು ಮನೆಗೆ ಒಳ್ಳೆಯದಲ್ಲ, ತುರುಬು ಕಟ್ಟಿದೆ. ತುರುಬು ಬಂದ ಮೇಲೆ ಹೂವು ಬೇಡವೇ? ಇಳಕಲ್ ಸೀರೆಯ ಸೆರಗನ್ನು ಹೊದಿಸಿ, ಒಣಗಲೆಂದು ದೇವರ ಜಗಲಿಯ ಪಕ್ಕಕ್ಕೆ ನಿಲ್ಲಿಸಿದೆ.

ನಮ್ಮನೆಯವರು ಸ್ನಾನ ಮಾಡಿ ಬಂದವರೇ ವಿಭೂತಿ ಹಚ್ಚಿಕೊಂಡರು, ಎರಡು ಊದಿನಕಡ್ಡಿ ಹಚ್ಚಿದರು, ಚಿತ್ರಕ್ಕೂ ಬೆಳಗಿದರು. ಅಡ್ಡಬಿದ್ದು ಎದ್ದರು.

“ಭಾಳ ಕಳಾ ಐತಿ. ಯಾವ ದೇವಿ ಇದು?”

“ದೇವಿ ಅಲ್ಲರಿ. ದೆವ್ವ.”

ಅವರು ಊದಿನಕಡ್ಡಿಯನ್ನೂ ನನ್ನನ್ನೂ ನೋಡಿದರು. ಒಂದು ದೀರ್ಘ, ಒಂದು ಗುಡಿಸು, ಒಂದು ಒತ್ತಕ್ಷರದ ಫರಕು, ಅಷ್ಟೇ!

ಮೊಬೈಲಿನಲ್ಲಿ ಫೋಟೋ ಕಳಿಸಿದೆ. ಸಂಪಾದಕರು ಕೂಡಲೇ ಫೋನ್ ಮಾಡಿದರು. “ವೈನಿ, ಇದನ್ನ ಹಾಕಿದ್ರ ಮಂದಿ ಕಾಯಿ ಒಡಿಯಾಕ ಬರತಾರ್ರಿ. ಅಂಜಿಕಿ ಬರಬೇಕು, ಅಂಜಿಕಿ!”

ಅಂಜಿಕೆ ಎಲ್ಲಿಂದ ತರಲಿ? ಭಾನುವಾರ ಕನ್ನಡಿ ಮುಂದೆ ಕುಂತೆ. ಕೂದಲು ಬಿಚ್ಚಿ ಮುಂದಕ್ಕೆ ಎಳೆದುಕೊಂಡೆ, ಮುಖಕ್ಕೆ ಜೋಳದ ಹಿಟ್ಟು ಬಳಿದುಕೊಂಡೆ, ಕಣ್ಣು ಮೇಲಕ್ಕೆ ಮಾಡಿ ಹಲ್ಲು ಕಿಸಿದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಮಹಾದೇವಿ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದಳು.

“ಯಪ್ಪಾ ಬಸವಣ್ಣಾ!” ಬಟ್ಟಲು ಮೇಲಕ್ಕೆ ಹಾರಿತು, ಮಹಾದೇವಿ ಹಿಂದಕ್ಕೆ ಹಾರಿದಳು.

“ಏ ಮಾದೇವಿ, ನಾನ, ಗಿರಿಜಾ!”

“ಅದ ನೋಡ್ರೀ ಅಕ್ಕಾರ, ಅದಕ್ಕ ಅಂಜಿಕಿ ಆತು!”

ಬಟ್ಟಲು ಸ್ಟೀಲಿನದು, ಒಡೆಯಲಿಲ್ಲ. ಮಹಾದೇವಿಯೂ ಗಟ್ಟಿ. ದೇವರ ದಯೆ ಎನ್ನಬೇಕು. ಚಿತ್ರವಂತೂ ಈ ಸಲ ಸರಿಯಾಗಿ ಬಂತು. ಒಂದು ಸಣ್ಣ ಕುಂಕುಮ ಮಾತ್ರ ಇಟ್ಟೆ. ಅಷ್ಟನ್ನು ಸಂಪಾದಕರು ಸಹಿಸಿಕೊಂಡರು.

ಆದರೆ ನನ್ನ ಮನಸ್ಸೆಲ್ಲ ಸೋಮವಾರದ ಮೇಲಿತ್ತು. ಸೋಮವಾರ ಅಕ್ಕ ಬರುವವಳಿದ್ದಳು.

ಅದೇ ಶಿವಕ್ಕ. ಈಗ ಸಿರಸಂಗಿಯಲ್ಲಿ ಸಂಸಾರ. ಮೂರು ವರ್ಷದಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ತಪ್ಪು ನನ್ನದೇ. ಕಾಕಾನ ಮಗನ ಮದುವೆಯಲ್ಲಿ ಅಕ್ಕ ಮಾಡಿ ತಂದ ಶೇಂಗಾ ಹೋಳಿಗೆಯನ್ನು ಕಚ್ಚಿ, ಹತ್ತು ಮಂದಿಯ ನಡುವೆ, “ಅಕ್ಕಾ, ಇದರ ಜೋಡಿ ಒಂದು ಸುತ್ತಿಗಿನೂ ಕೊಡಬೇಕಾಗಿತ್ತು,” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಅವತ್ತು ಎದ್ದು ಹೋದವಳು ನನ್ನ ಫೋನ್ ಎತ್ತಲಿಲ್ಲ. ಎಲ್ಲ ಸಿಕ್ಕರೂ ಜಗಳ ಆಡಲಿಕ್ಕೆ ಅಕ್ಕ ಸಿಗದಿದ್ದರೆ ಏನು ಸಿಕ್ಕ ಹಾಗಾಯಿತು? ಮಾತಾಡಿಸಿದರೆ ಐದು ಕಾಯಿ ಒಡೆಸುತ್ತೇನೆ ಎಂದು ಬಸವಣ್ಣನಿಗೆ ಹರಕೆ ಹೊತ್ತಿದ್ದೆ. ಹೋದ ವಾರ ಅವಳೇ ನಮ್ಮನೆಯವರಿಗೆ ಫೋನ್ ಮಾಡಿದ್ದಳು.

“ಸೋಮವಾರ ಕಣ್ಣಿನ ಡಾಕ್ಟರ್ ಕಡೆ ಬರತಾಳಂತ. ಹಂಗ ಮನಿಗೂ ಬಂದು ಹೋಗತಾಳಂತ,” ಎಂದರು ಇವರು.

“ನನಗ ಹೇಳ್ರಿ ಅಂದಳೇನು?”

“ಹೇಳ್ರಿ ಅಂದಿಲ್ಲ. ಹೇಳಬ್ಯಾಡ್ರಿ ಅಂತನೂ ಅಂದಿಲ್ಲ.”

ನನಗೆ ಅಷ್ಟೇ ಸಾಕಾಗಿತ್ತು.

ಸೋಮವಾರ ನಸುಕಿನಲ್ಲೇ ಎದ್ದು ಎಣ್ಣೆಗಾಯಿ, ರೊಟ್ಟಿ, ಅಕ್ಕನಿಗೆ ಸೇರುವ ಜುಣಕ ಮಾಡಿಟ್ಟೆ. ಇವರು ಅಂಗಡಿಗೆ ಹೋದರು. ಹತ್ತಕ್ಕೆ ಸಂಪಾದಕರ ಫೋನ್.

“ವೈನಿ, ದೆವ್ವ ಚಲೋ ಐತಿ. ಬಾಗಿಲ ಮ್ಯಾಲಿನ ಅಕ್ಷರ ಖರೇ ಬಾಗಿಲದಾಗ ಬರದಂಗ ಕಾಣವಲ್ದು. ತಿದ್ದಿ ಹನ್ನೊಂದರೊಳಗ ತಂದು ಕೊಡ್ರಿ. ಮತ್ತ, ‘ನಾಳಿ’ ಅಲ್ಲರಿ. ‘ನಾಳೆ’!”

ನಾನು ‘ನಾಳಿ’ ಎಂದೇ ಬರೆದಿದ್ದೆ. ಮೂವತ್ತು ವರ್ಷದ ಮೇಲಾದರೂ ಕೈ ಬದಲಾಗಿರಲಿಲ್ಲ!

ಖರೇ ಬಾಗಿಲು ಎಲ್ಲಿ ಹುಡುಕಲಿ? ನಮ್ಮ ಮನೆಗೇ ಒಂದಿತ್ತಲ್ಲ. ಹೊರಗೆ ಬಂದು ಬಾಗಿಲು ಮುಚ್ಚಿ, ಖಡು ತೊಗೊಂಡು ದೊಡ್ಡದಾಗಿ, ದುಂಡಗೆ, ಪುಸ್ತಕದಲ್ಲಿದ್ದ ಹಾಗೆ ‘ನಾಳೆ ಬಾ’ ಎಂದು ಬರೆದೆ. ಕಟ್ಟೆಯ ಮೇಲೆ ಕುಂತು ನೋಡಿ ನೋಡಿ ಚಿತ್ರದಲ್ಲಿ ಇಳಿಸಿದೆ. ಬಹಳ ಚಂದ ಬಂತು. ನನಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಬಾಗಿಲಿಗೆ ಕೀಲಿ ಹಾಕಿ, ಚಿತ್ರ ಹಿಡಿದು, ಎರಡು ಓಣಿ ಆಚೆಯ ಪತ್ರಿಕೆಯ ಆಫೀಸಿಗೆ ಓಡಿದೆ.

ಅರ್ಧ ತಾಸಿನಲ್ಲಿ ತಿರುಗಿ ಬಂದೆ. ಕಟ್ಟೆಯ ಮೇಲೆ ಒಂದು ಡಬ್ಬಿ ಇತ್ತು. ಮಹಾದೇವಿ ಮೊಸರಿಗೆ ಬದಲು ಏನೋ ಇಟ್ಟಿದ್ದಾಳೆ ಎಂದುಕೊಂಡು ಎತ್ತಿಕೊಂಡೆ. ಅವಳು ತನ್ನ ಬಾಗಿಲಲ್ಲೇ ನಿಂತಿದ್ದಳು.

“ಇಷ್ಟ್ಯಾಕ ಉಪಚಾರ ಮಾದೇವಿ?”

“ನಂದಲ್ಲರಿ ಅದು. ನಿಮ್ಮಕ್ಕ ಇಟ್ಟು ಹೋದ್ರು.”

“ಹೋದ್ಲಾ? ಎಲ್ಲಿಗೆ?”

“ನನಗೇನು ಗೊತ್ತರಿ? ಕಣ್ಣಿಗೆ ಔಷಧ ಬಿಟ್ಟಿದ್ರು ಕಾಣತೈತಿ, ಮೂಗು ಬಾಗಿಲಿಗೆ ಹಚ್ಚಿ ಓದಿದ್ರು. ಎರಡ ಸರ್ತಿ ಓದಿದ್ರು. ಕುಂತ್ರಿ, ಈಗ ಬರತಾರ ಅಂದೆ. ‘ನಾಳೆ ಬಾ ಅಂತ ಬರದಾಳಲ್ಲ, ತಿಳೀತು ಬಿಡವಾ,’ ಅಂದು ಡಬ್ಬಿ ಇಟ್ಟು ನಡದ್ರು.”

ಆಗ ಹೊರಳಿ ಬಾಗಿಲನ್ನು ನೋಡಿದೆ. ಎಷ್ಟು ದುಂಡನೆಯ ಅಕ್ಷರ! ಅದೂ ‘ಳೆ’! ಅಕ್ಕನ ‘ಳೆ’! ಮೂರು ವರ್ಷದ ಮೇಲೆ ಬಂದ ಅಕ್ಕನಿಗೆ, ಅವಳದೇ ಕಾಗುಣಿತದಲ್ಲಿ, ಊರಿಗೆಲ್ಲ ಕಾಣುವಂತೆ, ಬಾಗಿಲು ಹಾಕಿ ಕೀಲಿ ಜಡಿದು ನಾನು ಸ್ವಾಗತ ಕೋರಿದ್ದೆ!

ಡಬ್ಬಿ ತೆರೆದೆ. ಶೇಂಗಾ ಹೋಳಿಗೆ. ಒಂದನ್ನು ಮುರಿದೆ. ಬೆಣ್ಣೆಯ ಹಾಗೆ ಮುರಿಯಿತು. ಹೊಸ್ತಿಲ ಹೊರಗೆ ಆಯಿ ಇಟ್ಟ ರೊಟ್ಟಿ ನೆನಪಾಯಿತು. ಬಾಗಿಲಿಗೆ ಬಂದವರಿಗೆ ಮನೆಯವರು ಇಡಬೇಕಾದದ್ದನ್ನು, ಬಂದವಳೇ ಮನೆಯವರಿಗೆ ಇಟ್ಟು ಹೋಗಿದ್ದಳು.

ಬಸ್‌ಸ್ಟ್ಯಾಂಡಿಗೆ ಓಡಿದೆ. ಕಾಲಲ್ಲಿ ಒಂದು ಚಪ್ಪಲಿ ನನ್ನದು, ಒಂದು ಇವರದು. ಕೈತುಂಬ ಖಡು.

“ಸಿರಸಂಗಿ ಕಡೆ ಹೋಗೂ ಸವದತ್ತಿ ಬಸ್ ಎಲ್ಲೈತ್ರಿ?”

“ಈಗ ಹೋತಲ್ರೀ ಅವ್ವಾರ,” ಎಂದರು ಅಲ್ಲಿದ್ದ ಕಂಡಕ್ಟರ್. ನನ್ನ ಕಾಲು ನೋಡಿ, ಕುಂತುಕೊಳ್ಳಲು ಬೆಂಚು ತೋರಿಸಿದರು.

ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಬಂದ್ ಆಗಿತ್ತು. ಅವತ್ತು ಮಾಡಿದ ಎಣ್ಣೆಗಾಯಿಯನ್ನು ನಾವಿಬ್ಬರೇ ಕುಂತು ಉಂಡೆವು. ಇವರು ಒಂದೇ ಮಾತು ಅಂದರು, “ದೇವಿ ಮಾಡಿದಾಗ ಸುಮ್ಮನ ಬಿಟ್ಟಿದ್ರ ಆಗತಿತ್ತು. ದೆವ್ವ ಯಾಕ ಮಾಡಾಕ ಹೋದಿ?”

ಒದ್ದೆ ಬಟ್ಟೆಯಿಂದ ಬಾಗಿಲನ್ನು ಎಷ್ಟು ತಿಕ್ಕಿದರೂ ಕಟ್ಟಿಗೆಯ ಸೀಳಿನಲ್ಲಿ ಬೆಳ್ಳಗೆ ಅಕ್ಷರ ಉಳಿದೇ ಇತ್ತು.

ಮರುದಿನ ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದ ಸಪ್ಪಳ.

“ಯಾರು?”

ಹೊರಗಿನಿಂದ ನಮ್ಮವ್ವನ ದನಿಯಂಥದೇ ದನಿ. “ದೆವ್ವ! ನಿನ್ನೆ ಬಂದಿದ್ದೆ. ನಾಳೆ ಬಾ ಅಂತ ಬರದಿತ್ತು. ಬಂದೀನಿ.”

ಬಾಗಿಲು ತೆಗೆದೆ. ಅಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ನಾನು ಅಳಲು ಶುರು ಮಾಡಿದೆ. ಚಿತ್ರ, ಸಂಪಾದಕರು, ಕಚೇರಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳಿಗೆ ಏನೂ ತಿಳಿಯಲಿಲ್ಲ.

“ಸುಮ್ಮನಿರ ಬೇ. ಮೊದಲ ಸಿಟ್ಟ ಬಂದಿತ್ತು ಖರೇ. ಸೀದಾ ಸಂಪಗಾಂವಕ್ಕ ಹೋಗಿ ಕಾಕಾನ ಮನಿಯಾಗ ಮಲಗಿದೆ. ಅಲ್ಲಿ ನಮ್ಮ ಓಣಿ ನೋಡಿದ ಮ್ಯಾಲ ಹೊಳೀತು. ನೀ ಬರದದ್ದು ‘ನಾಳೆ’!” ಅಕ್ಕನ ಮುಖ ಅರಳಿತು. “ಅಂತೂ ಒಪ್ಪಿಕೊಂಡಿ ಅಲ್ಲ, ನಾ ಅಂದದ್ದ ಖರೇ ಅಂತ?”

ಸಂಪಾದಕರು ತಿದ್ದಿದ್ದು ಎಂದು ಹೇಳಲು ಬಾಯಿ ತೆರೆದೆ. ಬಸವಣ್ಣನೇ ಮುಚ್ಚಿಸಿದ.

“ಹೌದಕ್ಕ. ನಿಂದ ಖರೇ.”

“ಹೋಳಿಗಿ?”

“ಬೆಣ್ಣಿ ಆಗಿದ್ವು.”

“ಹಂಗಾರ ಸರಿ ಆತು. ಹಾಕು ಊಟಕ್ಕ,” ಎಂದು ಒಳಗೆ ನಡೆದಳು. ಅವತ್ತು ಸಂಜೆಯ ಬಸ್ಸಿಗೂ ಹೋಗಲಿಲ್ಲ. ಎರಡು ದಿನ ಇದ್ದಳು, ಹದಿನಾಲ್ಕು ಜಗಳ ಆಡಿದಳು. ಐದು ಕಾಯಿಯ ಹರಕೆಗೆ ಇಷ್ಟು ಕೊಟ್ಟ ಬಸವಣ್ಣನಿಗೆ ನಾನು ಇನ್ನೂ ಎರಡು ಕಾಯಿ ಹೆಚ್ಚಿಗೆ ಒಡೆಸಿದೆ.

ಶುಕ್ರವಾರ ಪತ್ರಿಕೆ ಬಂತು. ಮೊದಲ ಪುಟದಲ್ಲೇ ದೆವ್ವ! ಕೂದಲು ಬಿಚ್ಚಿ, ಹಲ್ಲು ಕಿಸಿದು, ಕೈಯಲ್ಲಿ ಅರ್ಜಿ ಹಿಡಿದು, ಹಣೆಯಲ್ಲಿ ಸಣ್ಣ ಕುಂಕುಮ ಇಟ್ಟುಕೊಂಡು ನಿಂತಿತ್ತು. ಅದರ ಕಾಲ ಕೆಳಗೆ ಸಂಪಾದಕರು ನನ್ನ ಮೇಲಿನ ಗೌರವದಿಂದ ದಪ್ಪ ಅಕ್ಷರದಲ್ಲಿ ಹಾಕಿದ್ದರು: ‘ಚಿತ್ರ: ಶ್ರೀಮತಿ ಗಿರಿಜಾ.’

ಸಂಜೆ ಗುಡಿಗೆ ಹೋದೆ. ಪೂಜಾರಜ್ಜ ತೀರ್ಥ ಕೊಡುತ್ತ ನನ್ನನ್ನು ಕನಿಕರದಿಂದ ನೋಡಿದರು.

“ಪೇಪರ್‌ನಾಗ ನಿನ್ನ ಚಿತ್ರ ನೋಡಿದೆ ತಂಗಿ. ಭಾಳ ಸೊರಗೀಯಲ್ಲ, ಆರಾಮ ಇಲ್ಲೇನು?”

ಓಣಿಯಲ್ಲಿ ಬರುವಾಗ ಮತ್ತೆ ನಾಲ್ಕು ಮಂದಿ ನಿಲ್ಲಿಸಿ ಮಾತಾಡಿಸಿದರು. ನಿಮ್ಮ ಅರ್ಜಿಯ ಕೆಲಸ ಆಯಿತೇ ಎಂದು ಒಬ್ಬರು ಕೇಳಿದರು. ತಲೆಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಇನ್ನೊಬ್ಬರು ಹೇಳಿದರು. ಹೋಲಿಕೆ ಇಲ್ಲ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ!