ಎಂಟು ಜಿಬಿಗಾಗಿ ತಂಗಿ ಹತ್ತಿಳಿದ ಅಂಗಡಿಗಳು

ಕಲ್ಯಾಣದುರ್ಗದಲ್ಲೊಬ್ಬ, ಹಿಂದೂಪುರದಲ್ಲೊಬ್ಬ, ಇಬ್ಬರು ಅಂಗಡಿಯವರು ಸೇರಿ ನನ್ನ ತಂಗಿಯ ಕೆಲಸ ತೆಗೆದರು. ಅವಳ ಲ್ಯಾಪ್‌ಟಾಪಿಗೆ ಹೊಂದದ ಮೆಮೊರಿಯನ್ನು ಹೊಂದುತ್ತದೆ ಎಂದು ಮಾರಿದರು. ಇದು ಎಡವಟ್ಟಲ್ಲ, ಮೋಸ. ನಮ್ಮ ಕಡೆ ಇಂಥದ್ದು ನಡೆಯುತ್ತಲೇ ಇರುತ್ತದೆ. ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನೀವೂ ನಗಿ, ಬೇಡ ಅನ್ನುವುದಿಲ್ಲ. ಆದರೆ ಕೊನೆಯವರೆಗೆ ಓದಿ.

ತಂಗಿ ಇರುವುದು ಕುಂದುರ್ಪಿ ಹತ್ತಿರದ ಹಳ್ಳಿಯಲ್ಲಿ, ನಮ್ಮಮ್ಮ ಮತ್ತು ಸೋದರಮಾವನ ಜೊತೆ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಒಂದು ಕಾಲು ಹೋಯಿತು, ಕಡಲೆಕಾಯಿ ಕೀಳುವ ಕೂಲಿಗೆ ಹೋಗಲಾರಳು. ಎರಡು ವರ್ಷದಿಂದ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಕೈಬರಹದ ಹಳೇ ಕಾಗದಗಳನ್ನು ನೋಡಿ ಟೈಪ್ ಮಾಡುವ ಕೆಲಸ. ಅವಳ ಬದುಕಿನಲ್ಲಿ ಅವಳದೇ ಅಂತ ಇದ್ದದ್ದು ಅದೊಂದೇ. ಒಂದು ದಿನ ಕಂಪನಿಯಿಂದ ಮೆಸೇಜು ಬಂತು. ಹೊಸ ಸಾಫ್ಟ್‌ವೇರ್ ಬರುತ್ತಿದೆ, ಎಲ್ಲರ ಲ್ಯಾಪ್‌ಟಾಪಿನಲ್ಲೂ ಎಂಟು ಜಿಬಿ ಮೆಮೊರಿ ಇರಬೇಕು, ಮುಂದಿನ ಶನಿವಾರ ಸಂಜೆ ಐದರೊಳಗೆ ಇಲ್ಲದವರ ಐಡಿ ಬಂದ್. ತಂಗಿಯದರಲ್ಲಿ ಇದ್ದದ್ದು ನಾಲ್ಕು. ಕಂಪನಿ ಮೆಸೇಜು ಕಳಿಸಿತು, ಮೆಮೊರಿ ಕಳಿಸಲಿಲ್ಲ.

1. ರೈಲಿನಷ್ಟು ಉದ್ದ

ಮೆಮೊರಿ ಮಾರುವವನು ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ, ಯಾವ ಮಾಡೆಲ್ ಎಂದು. ಕಲ್ಯಾಣದುರ್ಗದ ಅಂಗಡಿಯವನು ಅದೊಂದನ್ನು ಬಿಟ್ಟು ಎಲ್ಲ ಕೇಳಿದ. ಯಾವೂರು, ಯಾರ ಪೈಕಿ, ಕಾಲಿಗೇನಾಯ್ತು, ಮದುವೆ ಆಗೈತಾ. ಎಲ್ಲ ಕೇಳಿ ಮುಗಿಸಿ ಕಪಾಟಿನಿಂದ ಒಂದು ಹಸಿರು ಪಟ್ಟಿ ತೆಗೆದು ಕೊಟ್ಟ.

ತಂಗಿಗೆ ಅನುಮಾನ. "ಅಣ್ಣಾ, ಇದು ಲ್ಯಾಪ್‌ಟಾಪಿಗೆ ಹಿಡಿಸ್ತದಾ? ಉದ್ದ ಕಾಣ್ತೈತಲ್ಲ?"

"ಏಂ ಕಾದಮ್ಮಾ, ಏನೂ ಆಗಲ್ಲ. ಉದ್ದ ಇದ್ದಷ್ಟೂ ಸ್ಪೀಡು ಜಾಸ್ತಿ. ರೈಲು ನೋಡಿಲ್ವಾ?"

ಮನೆಗೆ ಬಂದು ವಿಡಿಯೋ ಕಾಲ್‌ನಲ್ಲಿ ನನಗೆ ತೋರಿಸಿದಳು. ಅದು ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಿನದು. ಲ್ಯಾಪ್‌ಟಾಪಿಗೆ ಬೇಕಾದ್ದು ಅದರ ಅರ್ಧ ಉದ್ದದ್ದು. ಮಾರನೇ ದಿನ ಮತ್ತೆ ಬಸ್ ಹತ್ತಿ, ಕಾಲೆಳೆದುಕೊಂಡು ಅದೇ ಅಂಗಡಿಗೆ ಹೋದಳು. ಅವನು ಅರ್ಧ ಉದ್ದದ್ದನ್ನು ಕೊಟ್ಟು ಇವಳನ್ನೇ ಗದರಿದ:

"ಚಿಕ್ಕದು ಬೇಕು ಅಂತ ಮೊದ್ಲೇ ಅನ್ನಬಾರ್ದಾ? ನಾನೇನು ಜ್ಯೋತಿಷ್ಯ ಹೇಳೋಕೆ ಕೂತಿದೀನಾ ಇಲ್ಲಿ?"

2. ಚಿನ್ನದ ಅಂಚು

"ಭಾನುವಾರ ನಾನು ಬತ್ತೀನಿ, ಅಲ್ಲಿವರೆಗೂ ಅದನ್ನ ಯಾರೂ ಮುಟ್ಟಬೇಡಿ" ಎಂದು ಫೋನಿನಲ್ಲಿ ಹೇಳಿದ್ದೆ. ಭಾನುವಾರ ನಾನಿರುವ ಹಿಂದೂಪುರದಿಂದ ಹೊರಟು ಊರು ಮುಟ್ಟಿದೆ. ಮೆಮೊರಿ ದೇವರ ಗೂಡಿನಲ್ಲಿತ್ತು. ಮೈತುಂಬ ಅರಿಶಿನ, ಮೂರು ಕಡೆ ಕುಂಕುಮ, ಮೇಲೊಂದು ಕನಕಾಂಬರ.

"ಯಾರಮ್ಮ ಇದನ್ನ ಮಾಡಿದ್ದು?"

"ನಾನೇ ಕಣಪ್ಪ" ಎಂದಳು ಅಮ್ಮ. "ಹೊಸ ವಸ್ತ ಮನೇಗೆ ಬಂದ್ರೆ ಪೂಜೆ ಬ್ಯಾಡ್ವಾ? ಟ್ರ್ಯಾಕ್ಟ್ರಿಗೆ ಮಾಡ್ತಾರೆ, ಬೋರಿನ ಮೋಟ್ರಿಗೆ ಮಾಡ್ತಾರೆ. ಇದ್ರಾಗೆ ಚಿನ್ನದ ಅಂಚು ಬೇರೆ ಐತೆ."

ಆ ಚಿನ್ನದ ಅಂಚಿನಿಂದಲೇ ಕರೆಂಟು ಹರಿಯಬೇಕು. ಅರಿಶಿನ ಗಟ್ಟಿಯಾಗಿ ಅಲ್ಲೇ ಕೂತಿತ್ತು. ಪೆನ್ಸಿಲ್ ಅಳಿಸುವ ರಬ್ಬರ್ ತಗೊಂಡು ಅಂಚನ್ನು ಉಜ್ಜಲು ಕೂತೆ. 

"ಉಜ್ಜು ಉಜ್ಜು" ಎಂದಳು ಅಮ್ಮ. "ದೇವರ ಕುಂಕುಮ ಅಳಿಸಿ ಯಾವನೂ ಉದ್ಧಾರ ಆಗಿಲ್ಲ. ನೀನಾದ್ರೂ ಆಗು."

3. ಮಾವನ ಅರ

ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಹಳೇ ಪಟ್ಟಿ ತೆಗೆದು, ಹೊಸದನ್ನು ಇಡಲು ಹೋದೆ. ಕೂರಲಿಲ್ಲ. ಹಳೆಯದರ ಮೇಲೆ ಡಿಡಿಆರ್4 ಎಂದಿತ್ತು, ಹೊಸದರ ಮೇಲೆ ಡಿಡಿಆರ್3. ಒಂದೊಂದು ತಲೆಮಾರಿನ ಮೆಮೊರಿಗೂ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಜಾಗದಲ್ಲಿ. ತಪ್ಪು ಮೆಮೊರಿ ಒಳಗೆ ಹೋಗಬಾರದು ಅಂತಲೇ ಅದನ್ನು ಮಾಡಿರುವುದು. ಆ ಕಚ್ಚಿಗಿರುವ ಪ್ರಾಮಾಣಿಕತೆ ಅಂಗಡಿಯವನಿಗಿಲ್ಲ. ಹೊಂದದಿದ್ದರೆ ಹೊಂದುವುದಿಲ್ಲ ಎಂದು ಅದು ಮುಖದ ಮೇಲೆ ಹೇಳುತ್ತದೆ.

ಅಂಗಡಿಯವನಿಗೆ ಫೋನು ಮಾಡೋಣವೆಂದರೆ ಅವತ್ತು ಮನೆಯೊಳಗೆ ಸಿಗ್ನಲ್ ಇರಲಿಲ್ಲ. ನೀರಿನ ಟ್ಯಾಂಕಿನವರೆಗೆ ಹೋಗಿ, ಅವನು ಎತ್ತದೆ, ಬೈದುಕೊಂಡು ವಾಪಸ್ ಬಂದೆ. ಸೋದರಮಾವ ಜಗಲಿಯ ಮೇಲೆ ಮೆಮೊರಿಯನ್ನು ಕಾಲಬೆರಳ ಸಂದಿಗೆ ಸಿಕ್ಕಿಸಿಕೊಂಡು ಅರದಿಂದ ಉಜ್ಜುತ್ತಿದ್ದ. ಅವನು ಬಡಗಿ.

"ಮಾವಾ! ಏನ್ ಮಾಡ್ಬುಟ್ಟೆ!"

"ಯಾಕ್ಲಾ ಹಂಗೆ ಕಿರುಚ್ಕೊಂತೀಯ? ಕಚ್ಚು ಒಂಚೂರು ಅತ್ಲಾಗಿತ್ತು. ಇತ್ಲಾಗೆ ಒಂದು ಹೊಡೆದೆ. ನಲವತ್ತು ವರ್ಷ ಆಯ್ತು, ನಾನು ಮಾಡಿದ ಯಾವ ಬಾಗ್ಲೂ ಚೌಕಟ್ಟಿಗೆ ಹಿಡೀದೆ ಹೋಗಿಲ್ಲ."

ನಾಲ್ಕು ಚಿನ್ನದ ಗೆರೆ ಪುಡಿಯಾಗಿ ಅವನ ಪಂಚೆಯ ಮೇಲೆ ಬಿದ್ದಿದ್ದವು. ಮಾವನನ್ನು ಬೈಯಲು ಬಾಯಿ ಬರಲಿಲ್ಲ. ಸೋದರಸೊಸೆಯ ಕೆಲಸ ಉಳಿಯಲಿ ಅಂತ ತನಗೆ ಗೊತ್ತಿದ್ದ ವಿದ್ಯೆಯನ್ನು ಅವನು ಮಾಡಿದ್ದ. ತಪ್ಪು ಮಾಲು ಕೊಟ್ಟವನು ಆ ಹೊತ್ತಿನಲ್ಲಿ ಕಲ್ಯಾಣದುರ್ಗದ ಮನೆಯಲ್ಲಿ ಉಂಡು ಮಲಗಿದ್ದ. ತಂಗಿ ಮಾತ್ರ ಒಂದು ಮಾತು ಅಂದಳು:

"ಮಾವಾ, ಹಂಗೇ ಒಂದು ಚಿಲಕಾನೂ ಹಾಕಿಕೊಟ್ಬುಡು."

4. ದೋಷ

ಸೋಮವಾರ ನಾವಿಬ್ಬರೂ ಕಲ್ಯಾಣದುರ್ಗಕ್ಕೆ ಹೋದೆವು. ಡಿಡಿಆರ್4 ಲ್ಯಾಪ್‌ಟಾಪಿಗೆ ಡಿಡಿಆರ್3 ಯಾಕೆ ಕೊಟ್ಟೆ ಎಂದು ಗಿರಾಕಿಗಳ ಮುಂದೆಯೇ ಕೇಳಿದೆ. ಅವನು ಮೆಮೊರಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅರ ಕೊರೆದ ಜಾಗವನ್ನು ಹಿಡಿದುಕೊಂಡು ಜಗಳ ತೆಗೆಯುತ್ತಾನೆ ಎಂದು ನಾನು ಮಾತು ಹೊಂದಿಸಿಕೊಂಡು ನಿಂತಿದ್ದೆ. ಅದು ಅವನ ಕಣ್ಣಿಗೇ ಬೀಳಲಿಲ್ಲ. ರಬ್ಬರಿಗೆ ಸಿಗದೆ ಮೂಲೆಯಲ್ಲಿ ಉಳಿದಿದ್ದ ಕುಂಕುಮ ಮಾತ್ರ ಕಣ್ಣಿಗೆ ಬಿತ್ತು. ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ತಂಗಿಯ ಕೈಗೇ ವಾಪಸ್ ಇಟ್ಟ.

"ಪೂಜೆ ಮಾಡಿದ ಮಾಲು ವಾಪಸ್ ತಗೊಂಡ್ರೆ ನಮಗೆ ದೋಷ ಬತ್ತದೆ ಕಣಮ್ಮ."

ಸುಳ್ಳು ಮಾರಿದರೆ ಬಾರದ ದೋಷ!

5. ಒಳಗೇ ಐತಲ್ಲ

ಇನ್ನೊಂದಕ್ಕೆ ದುಡ್ಡು ಹೊಂದಿಸುವಷ್ಟರಲ್ಲಿ ಶನಿವಾರ ಬಂತು. ತಂಗಿ ಬೆಳಗ್ಗೆ ಆರಕ್ಕೇ ಹೊರಟು, ಎರಡನೇ ಬಸ್ಸಿಗೆ ಗಂಟೆಗಟ್ಟಲೆ ಕಾದು, ಲ್ಯಾಪ್‌ಟಾಪನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನ ಮೂರಕ್ಕೆ ಹಿಂದೂಪುರಕ್ಕೆ ಬಂದಳು. ಈ ಸಲ ನಾನು ತಯಾರಾಗಿದ್ದೆ. ಲ್ಯಾಪ್‌ಟಾಪಿನ ಮಾಡೆಲ್, ಡಿಡಿಆರ್4, ಚಿಕ್ಕ ಸೈಜು, ಎಂಟು ಜಿಬಿ, ಹಳೆಯದರ ಮೇಲಿದ್ದ ಸ್ಪೀಡಿನ ನಂಬರು, ಎಲ್ಲವನ್ನೂ ಚೀಟಿಯಲ್ಲಿ ಬರೆದಿದ್ದೆ. ಐದರೊಳಗೆ ಆಗಲೇಬೇಕು, ಕೆಲಸದ ಪ್ರಶ್ನೆ ಎಂದು ಬಾಯಲ್ಲೂ ಹೇಳಿದೆ.

ಹಿಂದೂಪುರದ ಅಂಗಡಿಯವನು ಚೀಟಿ ಓದಿ ತಲೆದೂಗಿದ. "ಸಾರ್‌ಗೆ ಎಲ್ಲ ಗೊತ್ತೈತೆ. ಕೂತ್ಕೊಳಿ ಸಾರ್, ಟೀ ಕುಡೀರಿ." ಲ್ಯಾಪ್‌ಟಾಪ್ ಒಳಕೋಣೆಯ ಬಟ್ಟೆ ಪರದೆಯ ಹಿಂದಕ್ಕೆ ಹೋಯಿತು. ನಾನು ಟೀ ಕುಡಿದೆ. ಚೀಟಿ ಸರಿಯಾಗಿತ್ತು, ಟೀಯೂ ಚೆನ್ನಾಗಿತ್ತು. ಎದ್ದು ಹೋಗಿ ಪರದೆ ಸರಿಸಲಿಲ್ಲ, ಅದು ನನ್ನ ತಪ್ಪು. ಅರ್ಧ ಗಂಟೆಯ ಮೇಲೆ ಅವನು ಹೊರಗೆ ತಂದು ಆನ್ ಮಾಡಿದ. ಬೆಳಕು ಬಂತು. "ಎಂಟು ಹಾಕಿದೀವಿ ಸಾರ್" ಎಂದ. ಅವಸರದಲ್ಲಿ ಮುಚ್ಚಿಕೊಂಡು ಬಂದುಬಿಟ್ಟೆವು.

ಬಸ್ ನಿಲ್ದಾಣದಲ್ಲಿ ಕೂತು ತಂಗಿ ಕಂಪನಿಯ ಸಾಫ್ಟ್‌ವೇರ್ ತೆರೆದಳು. ಮೆಮೊರಿ ನಾಲ್ಕು ಜಿಬಿ ಎಂದಿತು. ಮುಚ್ಚಿ ತೆರೆದಳು. ನಾಲ್ಕೇ. ಗಂಟೆಯೂ ನಾಲ್ಕಾಗಿತ್ತು.

ಪಕ್ಕದ ವಾಚ್ ರಿಪೇರಿಯವನ ಹತ್ತಿರ ಸ್ಕ್ರೂಡ್ರೈವರ್ ಕೇಳಿ, ಅಲ್ಲೇ ಕಲ್ಲುಬೆಂಚಿನ ಮೇಲೆ ಬಿಚ್ಚಿದೆ. ಹಳೇ ನಾಲ್ಕು ಜಿಬಿ ತನ್ನ ಜಾಗದಲ್ಲಿ ಅಲ್ಲಾಡದೆ ಕೂತಿತ್ತು. ಹೊಸ ಎಂಟು ಜಿಬಿ ಮುಚ್ಚಳದ ಒಳಮೈಗೆ ಅಂಟಿಕೊಂಡಿತ್ತು. ಎರಡೂ ಕಡೆ ಅಂಟುವ ಟೇಪಿನಲ್ಲಿ, ಗೋಡೆಗೆ ಫೋಟೋ ಅಂಟಿಸಿದ ಹಾಗೆ, ನೆಟ್ಟಗೆ.

ಹಾಗೇ ಬಿಚ್ಚಿದ್ದನ್ನು ಎತ್ತಿಕೊಂಡು ಅಂಗಡಿಗೆ ಓಡಿದೆ. ಅವನ ಮುಖದಲ್ಲಿ ಗಾಬರಿ ಇಲ್ಲ, ನಾಚಿಕೆಯೂ ಇಲ್ಲ.

"ನೀವು ಬರೆದ ಮಾಲು ಸ್ಟಾಕ್ ಇರ್ಲಿಲ್ಲ ಸಾರ್, ಸೋಮವಾರ ಬತ್ತದೆ. ಇರೋದು ಅದ್ರಾಗೆ ಕೂರ್ಲಿಲ್ಲ."

"ಕೂರದಿದ್ರೆ ಹಾಕಿದೀನಿ ಅಂತ ಯಾಕಂದೆ?"

"ಒಳಗೆ ಹಾಕಿ ಅಂದ್ರಿ, ಅರ್ಜೆಂಟು ಅಂದ್ರಿ. ನೋಡಿ, ಒಳಗೇ ಐತಲ್ಲ?"

ಅಲ್ಲಿದ್ದ ಗಿರಾಕಿಗಳೆಲ್ಲ ಘೊಳ್ಳೆಂದು ನಕ್ಕರು. ನಾನೂ ನಕ್ಕುಬಿಟ್ಟೆ, ತಡೆಯಲಾಗಲಿಲ್ಲ. ವಾಪಸ್ ನಿಲ್ದಾಣಕ್ಕೆ ಬಂದಾಗ ಐದು ದಾಟಿತ್ತು. ತಂಗಿ ಫೋನು ನನ್ನ ಕಡೆ ತಿರುಗಿಸಿದಳು. ಐಡಿ ಬಂದ್ ಆಗಿತ್ತು. ಅವಳು ನಗಲಿಲ್ಲ.

ನಕ್ಕಿದ್ದು ಸಾಕು. ಇನ್ನು ನಿಮ್ಮ ಲ್ಯಾಪ್‌ಟಾಪನ್ನು ಯಾವನೂ ಪರದೆಯ ಹಿಂದೆ ಒಯ್ಯಲು ಬಿಡಬೇಡಿ. ಹಳೆಯದನ್ನು ಕಣ್ಣ ಮುಂದೆ ತೆಗೆಸಿ, ಹೊಸದನ್ನು ಕಣ್ಣ ಮುಂದೆ ಕೂರಿಸಿ, ಆನ್ ಮಾಡಿಸಿ, ಎಷ್ಟು ಜಿಬಿ ಎಂದು ಸ್ಕ್ರೀನಿನ ಮೇಲೆ ನೀವೇ ಓದಿ. ಈಗಾಗಲೇ ಹಾಕಿಸಿದ್ದರೆ ಇವತ್ತೇ ತೆರೆದು ನೋಡಿ. ಕೊಂಡಷ್ಟು ಅಲ್ಲಿ ಇಲ್ಲದಿದ್ದರೆ ಬಿಲ್ಲು ಹಿಡಿದು, ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅಂಗಡಿಯ ಬಾಗಿಲಿಗೆ ಅಡ್ಡ ಕೂತುಕೊಳ್ಳಿ. ಸರಿಯಾದದ್ದು ಕೂರುವವರೆಗೆ ನೀವು ಏಳಬೇಡಿ.